ಹಾರ್ವೆಸ್ಟರ್ ಶೆಡ್ ಕಟ್ಟಿಸಿದ ಅನುಭವ: ಅಂಗಡಿಯವರು ಚದರಡಿ ಕೇಳಿದರು, ಮಗಳು ಮಷಿನ್ ಅಳತೆ ಕೇಳಿದಳು

ಕಟ್ಟಿಸಿದ್ದು: ಕಟಾವು ಮಷಿನ್, ಟ್ರ್ಯಾಕ್ಟರ್ ನಿಲ್ಲಿಸೋ ಕಬ್ಬಿಣದ ಶೆಡ್. 60 ಅಡಿ ಉದ್ದ, 40 ಅಡಿ ಆಳ. ಜಾಗ ಹದಡಿ ಕಡೆ ನಮ್ಮ ಹೊಲದ ಮನೆ ಪಕ್ಕ. ಕೆಲಸ ಮಾಡಿದವರು ದಾವಣಗೆರೆಯ ಒಂದು ಫ್ಯಾಬ್ರಿಕೇಶನ್ ಅಂಗಡಿಯವರು. ಹೊಗಳೋ ಮಾತೂ ಇದೆ, ದೂರೂ ಇದೆ. ಹಾಗಾಗಿ ಹೆಸರು ಬರೆಯುತ್ತಿಲ್ಲ. 2025ರ ಜನವರಿಯಲ್ಲಿ ಗುಂಡಿ ತೋಡಿದೆವು, ಏಪ್ರಿಲ್‌ನಲ್ಲಿ ಮಷಿನ್ ಒಳಗೆ ಬಂತು. ಒಂದು ಮಳೆಗಾಲ ಪೂರ್ತಿ ನೋಡಿದ ಮೇಲೆ ಬರೆಯೋಣ ಅಂತ ಇಷ್ಟು ದಿನ ಸುಮ್ನೆ ಇದ್ದೆ.

ನಮ್ಮದು ಮಷಿನ್ ಬಾಡಿಗೆ ಕೊಡೋ ಮನೆ. ಒಂದು ಹಾರ್ವೆಸ್ಟರ್, ಎರಡು ಟ್ರ್ಯಾಕ್ಟರ್, ರೋಟವೇಟರ್, ಹುಲ್ಲು ಕಟ್ಟೋ ಬೇಲರ್, ಮೆಕ್ಕೆಜೋಳ ಬಿಡಿಸೋ ಮಷಿನ್. ಮಷಿನ್ ಓಡಿಸೋದು, ರಿಪೇರಿ ಎಲ್ಲ ಮೈದುನ. ಲೆಕ್ಕ, ಬ್ಯಾಂಕು, ಫೋನು ನಾನು. ಭದ್ರಾ ನಾಲೆಯ ಭತ್ತ ಎರಡು ಸಲ ಕಟಾವಿಗೆ ಬರುತ್ತೆ. ಉಳಿದ ತಿಂಗಳು ಹಾರ್ವೆಸ್ಟರ್ ಸುಮ್ಮನೆ ನಿಂತಿರುತ್ತೆ. ಆರು ವರ್ಷ ಅದು ಬೇವಿನ ಮರದ ಕೆಳಗೆ ತಾಡಪಾಲು ಹೊದ್ದು ನಿಂತಿತ್ತು. ಬಿಸಿಲಿಗೆ ಬೆಲ್ಟುಗಳು ಸೀಳಿದವು. ಇಲಿ ಎರಡು ಸಲ ವೈರಿಂಗ್ ಕಡಿದವು. ಎರಡನೇ ಸಲ ಕಡಿದಾಗ ಸುಗ್ಗಿ ಶುರುವಾಗಿ ಮೂರು ದಿನ ಆಗಿತ್ತು. ಒಪ್ಪಿಕೊಂಡಿದ್ದ ಹೊಲಗಳಿಗೆ ಹೋಗಲಾಗಲಿಲ್ಲ. ಫೋನ್ ಎತ್ತಿ ಜನಕ್ಕೆ ಉತ್ತರ ಹೇಳಿದವಳು ನಾನು. ಭತ್ತ ಬಾಗಿ ನಿಂತಿರುವಾಗ ರೈತನಿಗೆ "ನಾಳೆ ಬರ್ತೀವಿ" ಅಂತ ಸುಳ್ಳು ಹೇಳುವ ಕಷ್ಟ ಯಾರಿಗೂ ಬೇಡ. ಅವತ್ತೇ ಶೆಡ್ ಕಟ್ಟಲೇಬೇಕು ಅಂತ ತೀರ್ಮಾನ ಮಾಡಿದೆ.

ಮೂರು ಕಡೆ ಕೊಟೇಶನ್ ತೆಗೆದುಕೊಂಡೆವು. ಮೂವರೂ ಕೇಳಿದ ಮೊದಲ ಮಾತು ಒಂದೇ. "ಅಕ್ಕಾ, ಎಷ್ಟು ಚದರಡಿ?" ಈ ಅಂಗಡಿಯವರು ತಮ್ಮ ಮಾಮೂಲಿ ಅಳತೆ ಬರೆದು ಕೊಟ್ಟರು. 50 ಅಡಿ ಉದ್ದ, 30 ಅಡಿ ಆಳ, ಗೋಡೆ ಅಂಚಿಗೆ 12 ಅಡಿ ಎತ್ತರ, ಬಾಗಿಲು 12 ಅಡಿ ಅಗಲ. ಚದರಡಿಗೆ 380 ರೂಪಾಯಿ. ಒಟ್ಟು 5 ಲಕ್ಷ 70 ಸಾವಿರ, ಪಾಯ ಬಿಟ್ಟು. ಯಜಮಾನರಿಗೆ ಖುಷಿಯಾಯಿತು. ಅಡ್ವಾನ್ಸ್ ಕೊಡೋಕೆ ದುಡ್ಡೂ ಎಣಿಸಿಟ್ಟರು.

ಆ ರಾತ್ರಿ ಕೊಟೇಶನ್ ಫೋಟೋ ತೆಗೆದು ತಂಗಿಯ ಮಗಳಿಗೆ ವಾಟ್ಸಪ್ ಮಾಡಿದೆ. ಇಲ್ಲೇ ದಾವಣಗೆರೆಯಲ್ಲಿ ಸಿವಿಲ್ ಓದಿದವಳು. ಈಗ ಅಮೆರಿಕದ ಮಿನ್ನೆಸೋಟದಲ್ಲಿ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಇದ್ದಾಳೆ. ಅಲ್ಲಿ ಚಿಕ್ಕ ಚಿಕ್ಕ ಊರುಗಳ ನಗರಸಭೆಗೂ ಸ್ವಂತ ವಿಮಾನ ನಿಲ್ದಾಣ ಇರುತ್ತಂತೆ. ನಮ್ಮ ದಾವಣಗೆರೆಗೇ ಇಲ್ಲ, ಹತ್ತಿರ ಅಂದರೆ 2023ರಲ್ಲಿ ಶುರುವಾದ ಶಿವಮೊಗ್ಗದ್ದು. ಆ ನಿಲ್ದಾಣಗಳಲ್ಲಿ ಚಳಿಗಾಲದಲ್ಲಿ ರನ್‌ವೇ ಮೇಲೆ ಬೀಳೋ ಹಿಮ ತೆಗೆಯೋ ಮಷಿನ್‌ಗಳಿಗೆ ಕಟ್ಟಡ ಕಟ್ಟುತ್ತಾರೆ. ಮಗಳು ಆಗ ಅಂಥದ್ದೇ ಒಂದು ಕಟ್ಟಡದ ನಕ್ಷೆ ಮಾಡುತ್ತಿದ್ದಳು. ನಾನು ಫೋಟೋ ಕಳಿಸಿದ ಹೊತ್ತಿಗೆ ಅವಳಿಗೆ ಬೆಳಗ್ಗೆ. ಕೂಡಲೇ ಫೋನ್ ಬಂತು.

"ದೊಡ್ಡಮ್ಮ, ಇದರೊಳಗೆ ಹಾರ್ವೆಸ್ಟರ್ ಹೆಂಗೆ ಹೋಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

"ಶೆಡ್ ಸೈಜ್ ಆಮೇಲೆ. ಮೊದಲು ಒಳಗೆ ಏನೇನು ನಿಲ್ಲಿಸ್ತೀರಿ ಬರೀರಿ. ಒಂದೊಂದರ ಉದ್ದ, ಅಗಲ, ಎತ್ತರ. ಟೇಪ್ ಹಿಡಿದು ಅಳೀರಿ, ಅಂದಾಜು ಬೇಡ. ನಾವಿಲ್ಲಿ ಹಂಗೇ ಮಾಡೋದು."

ಮರುದಿನ ಮೈದುನ ಮೇಲೆ ಹತ್ತಿದ, ನಾನು ಕೆಳಗೆ ಟೇಪ್ ಹಿಡಿದೆ. ಕಟರ್ ಬಾರ್, ಅಂದರೆ ಮುಂದೆ ಭತ್ತ ಕೊಯ್ಯೋ ಭಾಗ, 14 ಅಡಿಯದ್ದು. ಆದರೆ ಹೊರ ಅಂಚಿಂದ ಹೊರ ಅಂಚಿಗೆ 15 ಅಡಿ 6 ಇಂಚು ಬಂತು. ಉದ್ದ 28 ಅಡಿ. ಎತ್ತರ 12 ಅಡಿ 6 ಇಂಚು. ಅಂದರೆ ಕೊಟೇಶನ್‌ನಲ್ಲಿದ್ದ ಶೆಡ್‌ಗೆ ನಮ್ಮ ಹಾರ್ವೆಸ್ಟರ್ ಅಗಲದಲ್ಲೂ ಹಿಡಿಸುತ್ತಿರಲಿಲ್ಲ, ಎತ್ತರದಲ್ಲೂ ಹಿಡಿಸುತ್ತಿರಲಿಲ್ಲ. ಯಾವ ಮಷಿನ್‌ಗಾಗಿ ಶೆಡ್ ಕಟ್ಟುತ್ತಿದ್ದೆವೋ ಅದೇ ಹೊರಗೆ ನಿಲ್ಲಬೇಕಿತ್ತು. ಐದು ಲಕ್ಷ ಎಪ್ಪತ್ತು ಸಾವಿರ ಕೊಟ್ಟು.

ಇದರಲ್ಲಿ ಅಂಗಡಿಯವರ ತಪ್ಪು ಅರ್ಧ, ನಮ್ಮದು ಅರ್ಧ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಆದರೆ ದಿನಾ ಇದೇ ಕೆಲಸ ಮಾಡೋರು "ಒಳಗೆ ಏನು ನಿಲ್ಲಿಸ್ತೀರಿ" ಅಂತ ಒಂದು ಮಾತು ಕೇಳಬೇಕಿತ್ತು. ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಆಮೇಲೆ ಮಗಳು ಹೇಳಿದ್ದು ಇದು. ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ನಿಜವಾದ ಮಷಿನ್ ತಂದು ಅದರೊಳಗೆ ನಿಲ್ಲಿಸಿ ನೋಡಿ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಕಂಬ ಬರೋ ಜಾಗಕ್ಕೆಲ್ಲ ಒಂದೊಂದು ಕಲ್ಲು ಇಟ್ಟೆವು. ಮೈದುನ ಹಾರ್ವೆಸ್ಟರ್ ತಿರುಗಿಸಿಕೊಂಡು ಒಳಗೆ ತಂದ. ಮೊದಲ ಸಲ ಎರಡು ಕಲ್ಲು ಚಕ್ರದ ಕೆಳಗೆ ಹೋದವು. ಹಾರ್ವೆಸ್ಟರ್ ತಿರುಗೋದು ಹಿಂದಿನ ಚಕ್ರದಲ್ಲಿ ಅಲ್ವಾ, ಹಿಂಬದಿ ಹೊರಗೆ ಬೀಸುತ್ತೆ. ಕಲ್ಲು ಸರಿಸುತ್ತಾ ಸರಿಸುತ್ತಾ ಬಾಗಿಲಿಗೆ 20 ಅಡಿ ಬೇಕು ಅಂತ ಗೊತ್ತಾಯಿತು. ಅದಕ್ಕೆ ಹಾರ್ವೆಸ್ಟರ್ ನಿಲ್ಲೋ ಅಂಕಣ (ಕಂಬದಿಂದ ಕಂಬಕ್ಕೆ ನಡುವಿನ ಜಾಗ) 22 ಅಡಿ ಆಯಿತು. ಮಷಿನ್ ನಿಂತ ಮೇಲೆ ಸುತ್ತ ಗ್ರೀಸ್ ಗನ್ ಹಿಡಿದು ಓಡಾಡೋಕೆ ಜಾಗ ಇದೆಯಾ ಅಂತ ಮೈದುನ ಎರಡು ಸುತ್ತು ನಡೆದು ನೋಡಿದ. ಪಕ್ಕದ ಮುಚ್ಚಳ ತೆರೆದು ನೋಡಿದ. ಹಿಂದೆ 12 ಅಡಿ ಉಳೀತು, ಅಲ್ಲಿ ರಿಪೇರಿ ಟೇಬಲ್ ಹಾಕಬಹುದು ಅಂದ. ಉಳಿದ ಎರಡು ಅಂಕಣ 19, 19 ಅಡಿ. ಮೂರು ಸೇರಿ 60. ಆ ದಿನ ಖರ್ಚಾಗಿದ್ದು ಅರ್ಧ ಚೀಲ ಸುಣ್ಣದ ಪುಡಿ, ಎರಡು ಲೀಟರ್ ಡೀಸೆಲ್. ಇಡೀ ಶೆಡ್‌ನಲ್ಲಿ ಇಷ್ಟು ಕಡಿಮೆ ಖರ್ಚಲ್ಲಿ ಇಷ್ಟು ದೊಡ್ಡ ಲಾಭ ಕೊಟ್ಟ ಕೆಲಸ ಇನ್ನೊಂದಿಲ್ಲ.

ಅಮೆರಿಕದಲ್ಲಿ ಮಗಳು ಮಾಡೋ ಕಟ್ಟಡಗಳಿಗೆ ಈ ಅಳತೆ ಬರೀ ಅನುಕೂಲದ ಮಾತಲ್ಲವಂತೆ. ದುಡ್ಡು ಬರೋದೇ ಈ ಅಳತೆ ಮೇಲೆ. ಅವಳು ಹೇಳಿದ್ದನ್ನು ನನಗೆ ಅರ್ಥ ಆದ ಹಾಗೆ ಬರೀತೀನಿ, ಯಾಕೆಂದರೆ ನಮ್ಮ ಬ್ಯಾಂಕ್ ಕೆಲಸಕ್ಕೂ ಇದೇ ದಾರಿ ತೋರಿಸಿತು.

ಅಮೆರಿಕದಲ್ಲಿ ವಿಮಾನದ ಟಿಕೆಟ್ ಮೇಲೆ 7.5 ಪರ್ಸೆಂಟ್ ತೆರಿಗೆ ಇದೆ, ವಿಮಾನದ ಇಂಧನದ ಮೇಲೂ ಇದೆ. ಅದೆಲ್ಲ 1970ರಲ್ಲಿ ಮಾಡಿದ ಒಂದು ನಿಧಿಗೆ ಹೋಗುತ್ತೆ. ಆ ನಿಧಿಯಿಂದ ನಿಲ್ದಾಣಗಳಿಗೆ ಅನುದಾನ ಕೊಡೋ ಯೋಜನೆ 1982ರದ್ದು. ದೊಡ್ಡ ನಿಲ್ದಾಣಕ್ಕೆ ಸಾಮಾನ್ಯವಾಗಿ ಶೇ. 75, ಚಿಕ್ಕ ಊರಿನದಕ್ಕೆ ಶೇ. 90. ಉಳಿದ ಹತ್ತನ್ನು ಊರು, ಕೆಲವು ಕಡೆ ರಾಜ್ಯವೂ ಸೇರಿ ಹಾಕಬೇಕು. (2025, 2026ರ ಅನುದಾನಕ್ಕೆ ಮಾತ್ರ ಚಿಕ್ಕವಕ್ಕೆ ಶೇ. 95 ಮಾಡಿದ್ದಾರಂತೆ.) ಚಿಕ್ಕ ನಿಲ್ದಾಣಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್‌ವರೆಗೆ ಅದರದ್ದೇ ಪಾಲು ಅಂತ ಇಟ್ಟಿರುತ್ತಾರೆ. ಆ ವರ್ಷ ಖರ್ಚು ಮಾಡದಿದ್ದರೆ ಮುಂದಿನ ವರ್ಷಕ್ಕೆ ಸೇರಿಸಿಕೊಳ್ಳಬಹುದು. ನಾಲ್ಕು ವರ್ಷದ್ದು ಕೂಡಿದರೆ ಆರು ಲಕ್ಷ. ಕಟ್ಟಡಕ್ಕೆ ಅದೂ ಸಾಲದಿದ್ದರೆ ಬೇರೆ ಅನುದಾನಕ್ಕೆ ಅರ್ಜಿ ಹಾಕಬೇಕು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಒಂದು ಊರಿಗೆ ಈ ವರ್ಷ ಆ ಪಾಲು ಬೇಡ ಅಂದರೆ ಇನ್ನೊಂದು ಊರಿನ ನಿಲ್ದಾಣಕ್ಕೆ ಬಿಟ್ಟುಕೊಡಬಹುದಂತೆ. ನಮ್ಮಲ್ಲಿ ಮುಯ್ಯಾಳು ಇತ್ತಲ್ಲ, ಈ ವಾರ ನಿನ್ನ ಹೊಲ, ಮುಂದಿನ ವಾರ ನನ್ನ ಹೊಲ, ಹಾಗೆ.

ಆದರೆ ಲೆಕ್ಕ ಬಲು ಬಿಗಿ. ವಿಮಾನಯಾನ ಇಲಾಖೆಯವರು 2007ರಲ್ಲಿ ಹೊರಡಿಸಿದ ಒಂದು ಸುತ್ತೋಲೆ ಇದೆ. ಅದರ ನಂಬರ್ 150/5220-18ಎ. ಅದು ಬರೀ ಈ ಕಟ್ಟಡಗಳ ಬಗ್ಗೆಯೇ ಇರೋದು. ರನ್‌ವೇ ಹಿಮ ತೆಗೆಯೋಕೆ ಎಷ್ಟು ಮಷಿನ್ ಬೇಕೋ ಅಷ್ಟು ಮಷಿನ್, ಆ ಮಷಿನ್ ನಿಲ್ಲೋಕೆ ಎಷ್ಟು ಜಾಗ ಬೇಕೋ ಅಷ್ಟು ಜಾಗ. ಅಷ್ಟಕ್ಕೆ ಮಾತ್ರ ಅನುದಾನ. ನಗರಸಭೆಯವರು "ಹೆಂಗೂ ಕಟ್ಟುತ್ತಿದ್ದೀವಿ, ಊರಿನ ರಸ್ತೆ ಹಿಮ ತೆಗೆಯೋ ಲಾರಿನೂ ಅಲ್ಲೇ ನಿಲ್ಲಿಸೋಣ" ಅಂದರೆ ಆ ಚದರಡಿಯ ದುಡ್ಡನ್ನು ಊರೇ ಹಾಕಿಕೊಳ್ಳಬೇಕು. ಮಗಳ ಕೆಲಸದಲ್ಲಿ ಎಷ್ಟೋ ದಿನ ಇದಕ್ಕೇ ಹೋಗುತ್ತಂತೆ. ನಕ್ಷೆಯಲ್ಲಿ ಯಾವ ಮೂಲೆ ಅನುದಾನದ್ದು, ಯಾವ ಮೂಲೆ ಊರಿನದ್ದು ಅಂತ ಬೇರೆ ಬೇರೆ ತೋರಿಸೋದು.

ನಮ್ಮ ಮನೆಯಲ್ಲೂ ಇದೇ ಆಯಿತು. ಯಜಮಾನರು "ಮೂರನೇ ಅಂಕಣದಲ್ಲಿ ಗೊಬ್ಬರ ಇಟ್ಟುಕೊಳ್ಳೋಣ, ಎಲ್ಲ ಒಂದೇ ಸಾಲದಲ್ಲಿ ಹಾಕು" ಅಂದರು. ನಾವು ಸಾಲಕ್ಕೆ ಹೋಗಿದ್ದು ಕೃಷಿ ಮೂಲಸೌಕರ್ಯ ನಿಧಿಯಲ್ಲಿ. 2020ರಲ್ಲಿ ಬಂದ ಯೋಜನೆ. ಎರಡು ಕೋಟಿಯೊಳಗಿನ ಸಾಲಕ್ಕೆ ಏಳು ವರ್ಷದವರೆಗೆ ಬಡ್ಡಿಯಲ್ಲಿ 3 ಪರ್ಸೆಂಟ್ ಸರ್ಕಾರ ಭರಿಸುತ್ತೆ. ಯೋಜನೆಯ ಖರ್ಚಲ್ಲಿ ಕನಿಷ್ಠ ಶೇ. 10 ನಮ್ಮ ಕೈಯಿಂದ ಇರಬೇಕು. ಅಲ್ಲೂ ಹತ್ತು, ಇಲ್ಲೂ ಹತ್ತು. ಇದನ್ನು ಹೇಳಿದಾಗ ಮಗಳೇ ಆಶ್ಚರ್ಯಪಟ್ಟಳು. ಮಷಿನ್ ಬಾಡಿಗೆ ಕೇಂದ್ರದ ಹೆಸರಲ್ಲಿ ವರದಿ ಮಾಡಿಸಿ, ಮಷಿನ್ ನಿಲ್ಲೋ ಎರಡು ಅಂಕಣ ಮಾತ್ರ ಸಾಲಕ್ಕೆ ತೋರಿಸಿದೆವು. ಗೊಬ್ಬರದ ಅಂಕಣ ಸ್ವಂತ ದುಡ್ಡು. ನಕ್ಷೆಯಲ್ಲಿ ಎರಡು ಬಣ್ಣ ಹಾಕಿ ಕೊಟ್ಟೆವು, ಬಿಲ್ಲೂ ಬೇರೆ ಬೇರೆ. ಬ್ಯಾಂಕಿನವರು ಸ್ಥಳ ನೋಡೋಕೆ ಬಂದಾಗ ಒಂದು ಪ್ರಶ್ನೆಯೂ ಬರಲಿಲ್ಲ. ಹತ್ತು ನಿಮಿಷದಲ್ಲಿ ನೋಡಿ, ಮಜ್ಜಿಗೆ ಕುಡಿದು ಹೋದರು.

ಪೂರ್ತಿ ಲೆಕ್ಕ ಹೇಳಿಬಿಡ್ತೀನಿ, ಕಟ್ಟಿಸೋರಿಗೆ ಬೇಕಾಗುತ್ತೆ. ಕಬ್ಬಿಣ, ಶೀಟು, ಕೂಲಿ ಸೇರಿ ಚದರಡಿಗೆ 395ರಂತೆ 9 ಲಕ್ಷ 48 ಸಾವಿರ. ಪಾಯ, ನೆಲ, ಗೋಡೆ 4 ಲಕ್ಷ 10 ಸಾವಿರ. ಬಾಗಿಲು, ಕರೆಂಟು, ಚರಂಡಿ 1 ಲಕ್ಷ 32 ಸಾವಿರ. ಒಟ್ಟು 14 ಲಕ್ಷ 90 ಸಾವಿರ. ಸಾಲ 9 ಲಕ್ಷ, ಉಳಿದದ್ದು ನಮ್ಮದು. ಇಂಜಿನಿಯರ್ ಫೀಸು 28 ಸಾವಿರ ಇದರಲ್ಲಿ ಸೇರಿಲ್ಲ.

ಆ 28 ಸಾವಿರಕ್ಕೆ ಮನೆಯಲ್ಲಿ ಜಗಳವೇ ಆಯಿತು. "ಶೆಡ್‌ಗೂ ಇಂಜಿನಿಯರ್ ಬೇಕಾ? ವೆಲ್ಡಿಂಗ್‌ನವರಿಗೆ ಗೊತ್ತಿರಲ್ವಾ?" ಮಗಳು ಮಾತ್ರ ಪಟ್ಟು ಬಿಡಲಿಲ್ಲ. ಅವಳ ನಕ್ಷೆ ಇಲ್ಲಿ ನಡೆಯಲ್ಲ, ಇಲ್ಲಿನ ಮಣ್ಣು ನೋಡಿ ಇಲ್ಲಿನ ಇಂಜಿನಿಯರೇ ಸಹಿ ಹಾಕಬೇಕು ಅಂದಳು. ಅಲ್ಲಿ 1972ರ ಒಂದು ಕಾನೂನಿನ ಪ್ರಕಾರ ಇಂಥ ಕೆಲಸಕ್ಕೆ ಇಂಜಿನಿಯರನ್ನು ಆರಿಸುವಾಗ ಮೊದಲು ದರ ಕೇಳೋದಿಲ್ಲವಂತೆ. ಯಾರಿಗೆ ಅನುಭವ ಇದೆ ನೋಡಿ ಆರಿಸಿ, ಆಮೇಲೆ ಫೀಸ್ ಮಾತಾಡೋದು. ನಾನೂ ಹಾಗೇ ಮಾಡಿದೆ. ಗೋದಾಮು, ರೈಸ್‌ಮಿಲ್ ಶೆಡ್ ಮಾಡಿ ಅನುಭವ ಇದ್ದವರನ್ನು ಹುಡುಕಿದೆ. ಅವರು ಬಂದವರೇ ಗುಂಡಿ ತೋಡಿಸಿ ಮಣ್ಣು ಕೈಯಲ್ಲಿ ಹಿಡಿದು ನೋಡಿದರು.

ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತೆ. ಅಂಗಡಿಯವರು ಪಾಯಕ್ಕೆ ಮೂರು ಅಡಿ ಸಾಕು ಅಂದಿದ್ದರು. ಇಂಜಿನಿಯರ್ ಗರಸು, ಅಂದರೆ ಕೆಳಗಿನ ಗಟ್ಟಿ ಕಲ್ಲುಮಣ್ಣು, ಸಿಗೋವರೆಗೆ ಹೋಗಬೇಕು ಅಂದರು. ಐದು ಅಡಿಗೆ ಗರಸು ಸಿಕ್ಕಿತು. ಮಗಳಿಗೆ ಹೇಳಿದರೆ, "ನಮ್ಮಲ್ಲೂ ಅಷ್ಟೇ ದೊಡ್ಡಮ್ಮ, ಕಾರಣ ಬೇರೆ" ಅಂದಳು. ಅಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಪಾಯ ಎತ್ತಿಬಿಡುತ್ತಂತೆ. ಅದಕ್ಕೆ ಮಿನ್ನೆಸೋಟದ ಉತ್ತರ ಭಾಗದಲ್ಲಿ ಐದು ಅಡಿ, ದಕ್ಷಿಣದಲ್ಲಿ ಮೂರೂವರೆ ಅಡಿ ಕೆಳಗೆ ಹೋಗಬೇಕು ಅಂತ ನಿಯಮವೇ ಇದೆ.

ಛಾವಣಿ ವಿಷಯದಲ್ಲಿ ಮಾತ್ರ ಎರಡೂ ಕಡೆ ಪೂರ್ತಿ ಉಲ್ಟಾ. ಅಲ್ಲಿ ದಕ್ಷಿಣ ಭಾಗದಲ್ಲಿ ನೆಲದ ಮೇಲಿನ ಹಿಮಕ್ಕೆ ಚದರಡಿಗೆ 50 ಪೌಂಡ್ ಲೆಕ್ಕ ಹಿಡಿಯುತ್ತಾರೆ. ಛಾವಣಿಗೆ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ಶೆಡ್‌ನಷ್ಟೇ ದೊಡ್ಡ ಛಾವಣಿ ಅಲ್ಲಿದ್ದರೆ ಅದರ ಮೇಲೆ ನಾಲ್ಕೈದು ಹಾರ್ವೆಸ್ಟರ್ ಇಟ್ಟಷ್ಟು ಭಾರ. "ನಿಮ್ಮಲ್ಲಿ ಹಿಮ ಮೇಲಿಂದ ಒತ್ತಲ್ಲ, ಗಾಳಿ ಕೆಳಗಿಂದ ಎತ್ತುತ್ತೆ" ಅಂದಳು. ಕಟ್ಟಡದ ಮೇಲೆ ಬೀಳೋ ಭಾರದ ಲೆಕ್ಕ ಹೇಳೋ ನಮ್ಮ ದೇಶದ ಮಾನದಂಡ ಐಎಸ್ 875ರಲ್ಲಿ ಹಿಮದ ಭಾರಕ್ಕೆ ನಾಲ್ಕನೇ ಭಾಗ, ಗಾಳಿಗೆ ಮೂರನೇ ಭಾಗ. ದಾವಣಗೆರೆಗೆ ಬೇಕಾದದ್ದು ಮೂರನೆಯದು. ಬಾಗಿಲು ತೆರೆದಿಟ್ಟಾಗ ಗಾಳಿ ಒಳಗೆ ನುಗ್ಗಿ ಶೀಟನ್ನು ಕೊಡೆ ಎತ್ತಿದ ಹಾಗೆ ಎತ್ತುತ್ತೆ. ಆಗ ಶೆಡ್ ಹಿಡಿದುಕೊಳ್ಳೋದು ಪಾಯದಲ್ಲಿ ಹೂತಿರೋ ಬೋಲ್ಟು. ನಮ್ಮದು ಎಂಟು ಕಂಬ, ಕಂಬಕ್ಕೆ ನಾಲ್ಕರಂತೆ 32 ಬೋಲ್ಟು.

ದೂರು ಇರೋದು ಇಲ್ಲೇ.

ಮೂರನೇ ಕಂಬ ನಿಲ್ಲಿಸುವ ದಿನ ಹೈಡ್ರಾ ಕ್ರೇನ್ ಬಂದಿತ್ತು. ಕಂಬ ಎತ್ತಿ ಇಳಿಸಿದರು. ಕೆಳಗಿನ ಪ್ಲೇಟಿನ ತೂತಿಗೂ ಪಾಯದ ಬೋಲ್ಟಿಗೂ ಒಂದೂಕಾಲು ಇಂಚು ವ್ಯತ್ಯಾಸ. ಕಾಂಕ್ರೀಟ್ ಹಾಕುವಾಗ ಬೋಲ್ಟಿನ ಚೌಕಟ್ಟು ಜರುಗಿತ್ತು, ಯಾರೂ ನೋಡಿರಲಿಲ್ಲ. ಕ್ರೇನ್ ಬಾಡಿಗೆ ಗಂಟೆ ಲೆಕ್ಕ. ಒಬ್ಬ ಹುಡುಗ ಕೂಡಲೇ ಗ್ಯಾಸ್ ಕಟರ್ ಹಚ್ಚಿಕೊಂಡು ಬಂದ, ತೂತು ದೊಡ್ಡದು ಮಾಡೋಕೆ. ಇನ್ನೊಬ್ಬ ಬೋಲ್ಟ್ ಕಾಯಿಸಿ ಸುತ್ತಿಗೆಯಲ್ಲಿ ಬಾಗಿಸೋಣ ಅಂದ. ಅಂಗಡಿ ಮಾಲೀಕರು ಫೋನ್‌ನಲ್ಲಿ "ಎಲ್ಲಾ ಕಡೆ ಹಂಗೇ ಮಾಡ್ತೀವಿ ಅಕ್ಕಾ, ಮೇಲೆ ವಾಷರ್ ಹಾಕಿದ್ರೆ ಆಯ್ತು" ಅಂದರು.

ನಾನು ಆ ಪ್ಲೇಟಿನ ಮೇಲೆ ಕೈ ಇಟ್ಟು ನಿಂತುಬಿಟ್ಟೆ. ಕಟರ್ ಹಚ್ಚಬೇಡ ಮಗಾ ಅಂದೆ. ಇಂಜಿನಿಯರ್ ಬಂದು ನೋಡೋವರೆಗೆ ಆ ಕಂಬ ನಿಲ್ಲಿಸೋಕೆ ಬಿಡಲಿಲ್ಲ. ಅವರು ಬಂದು ಬೋಲ್ಟುಗಳ ಅಳತೆಗೆ ಒಂದು ರಟ್ಟು ಕತ್ತರಿಸಿ, ಅದರ ಪ್ರಕಾರ ಹೊಸ ಪ್ಲೇಟಿಗೆ ಡ್ರಿಲ್‌ನಲ್ಲಿ ತೂತು ಹಾಕಿಸಿ ತರಲು ಹೇಳಿದರು. ಎರಡು ದಿನ ಹೋಯಿತು. ಕ್ರೇನ್ ಇನ್ನೊಂದು ಸಲ ಬಂತು. ಅದರ ಬಾಡಿಗೆ ಯಾರು ಕೊಡಬೇಕು ಅಂತ ವಾದ ಆಗಿ ಕೊನೆಗೆ ಅರ್ಧ ಅರ್ಧ ಮಾಡಿಕೊಂಡೆವು. ನನ್ನ ಪ್ರಕಾರ ಪೂರ್ತಿ ಅವರೇ ಕೊಡಬೇಕಿತ್ತು.

ಆದರೆ ಒಂದು ಮಾತು ಹೇಳಲೇಬೇಕು. ಆ ಹೊಸ ಪ್ಲೇಟ್ ಬೆಸೆದ ವಯಸ್ಸಾದ ಮೇಸ್ತ್ರಿ ಅಣ್ಣನ ಕೈಕೆಲಸ ನೋಡುವ ಹಾಗಿತ್ತು. ಹಳೇ ಪ್ಲೇಟ್ ಬಿಡಿಸಿ, ಕಂಬದ ತುದಿ ಉಜ್ಜಿ ಹೊಳೆಯುವ ಹಾಗೆ ಮಾಡಿ, ನಾಲ್ಕೂ ಕಡೆ ಒಂದೇ ಸಮನೆ ವೆಲ್ಡಿಂಗ್ ಎಳೆದರು. ಒತ್ತು ಶಾವಿಗೆ ಎಳೆ ಹಾಗೆ ಎಲ್ಲೂ ತುಂಡಾಗದೆ ಬಂತು. ಆಮೇಲೆ ತೂಗುಗುಂಡು ಹಿಡಿದು ಕಂಬ ನೆಟ್ಟಗಿದೆಯಾ ಅಂತ ಎರಡು ದಿಕ್ಕಿಂದಲೂ ನೋಡಿದರು. ಊಟಕ್ಕೆ ಕರೆದರೆ "ಇದು ಮುಗೀಲಿ ತಾಯಿ" ಅಂದರು. ಆ ಅಂಗಡಿಗೆ ಮತ್ತೆ ಕೆಲಸ ಕೊಡೋದಾದರೆ ಅವರೊಬ್ಬರಿಗಾಗಿ ಕೊಡ್ತೀನಿ.

ಉಳಿದ ದೂರುಗಳು ಚಿಕ್ಕವು. 45 ದಿನ ಅಂದಿದ್ದು 74 ದಿನ ಆಯಿತು. ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಎರಡು ಕೋಟ್ ಅಂತ ಬರೆದು ಒಂದೇ ಹೊಡೆದಿದ್ದರು, ಹೇಳಿದ ಮೇಲೆ ಎರಡನೇದು ಹೊಡೆದರು. ಕಬ್ಬಿಣದ ಚೂರು ಅಂಗಳದಲ್ಲೇ ಬಿಟ್ಟು ಹೋಗಿದ್ದರು, ಟ್ರ್ಯಾಕ್ಟರ್ ಟೈರ್ ಒಂದು ಪಂಕ್ಚರ್ ಆಯಿತು. ಜಿಎಸ್‌ಟಿ ಬಿಲ್ ಮಾತ್ರ ಕೇಳಿದ ಕೂಡಲೇ ಕೊಟ್ಟರು. ಬ್ಯಾಂಕ್ ಕೆಲಸ ಇರೋರಿಗೆ ಇದು ಮುಖ್ಯ.

ಗೊಬ್ಬರದ ಅಂಕಣಕ್ಕೆ ಮೇಲಿನವರೆಗೂ ಗೋಡೆ ಕಟ್ಟಿಸಿದ್ದು ಕೂಡ ಮಗಳ ಮಾತು ಕೇಳಿಯೇ. ಅಲ್ಲಿ ರನ್‌ವೇ ಮೇಲೆ ಹಿಮ ಕರಗಿಸೋಕೆ ಉಪ್ಪು ಹಾಕೋ ಹಾಗಿಲ್ಲ, ಉಪ್ಪಿನ ಕ್ಲೋರೈಡ್ ವಿಮಾನದ ಲೋಹ ತಿನ್ನುತ್ತೆ. ಬೇರೆ ಔಷಧಿಗಳಿವೆ. ಬಹಳ ಕಾಲ ಯೂರಿಯಾನೂ ಹಾಕುತ್ತಿದ್ದರು ಅಂದಳು. ಭತ್ತಕ್ಕೆ ಹಾಕೋ ಯೂರಿಯಾನಾ ಅಂತ ಕೇಳಿದೆ. ಅದೇ. ಅದು ಅಮೋನಿಯಾ ಆಗಿ ಹಳ್ಳಕೊಳ್ಳದ ನೀರು ಕೆಡಿಸುತ್ತೆ ಅಂತ 2012ರಲ್ಲಿ ದೊಡ್ಡ ನಿಲ್ದಾಣಗಳಿಗೆ ಅಲ್ಲಿನ ಪರಿಸರ ಇಲಾಖೆ ಕಡಿವಾಣ ಹಾಕಿತಂತೆ. ಮರಳು ಹಾಕೋ ಕಡೆ ಅದನ್ನು ಒಣಗಿದ, ಬೆಚ್ಚಗಿನ ಜಾಗದಲ್ಲಿ ಇಡುತ್ತಾರೆ. ಇಲ್ಲದಿದ್ದರೆ ಹೆಪ್ಪುಗಟ್ಟಿ ಹೆಂಟೆ ಆಗುತ್ತೆ. ಇಂಥ ಸಾಮಾನನ್ನು ಮಷಿನ್ ಇರೋ ಹಾಲ್‌ನಲ್ಲಿ ಇಡೋದಿಲ್ಲ, ಬೇರೆ ಕೋಣೆ. ನಾವು ಇಷ್ಟು ವರ್ಷ ಪೊಟ್ಯಾಷ್ ಚೀಲಗಳನ್ನು ರೋಟವೇಟರ್‌ಗೆ ಒರಗಿಸಿ ಇಡುತ್ತಿದ್ದೆವು. ಪೊಟ್ಯಾಷ್ ಅಂದರೂ ಕ್ಲೋರೈಡೇ. ರೋಟವೇಟರ್ ಆ ಒಂದು ಕಡೆ ಮಾತ್ರ ಯಾಕೆ ತುಕ್ಕು ಹಿಡಿಯುತ್ತೆ ಅಂತ ಮೈದುನನಿಗೆ ಆವತ್ತು ಗೊತ್ತಾಯಿತು.

ನೆಲದ ಬಗ್ಗೆಯೂ ಹೇಳ್ತೀನಿ. ಅಲ್ಲಿ ಮಷಿನ್ ಮೈತುಂಬ ಹಿಮ ಹೊತ್ತು ಒಳಗೆ ಬರುತ್ತೆ, ಬೆಚ್ಚಗಿನ ನೆಲದ ಮೇಲೆ ಕರಗಿ ನೀರಾಗುತ್ತೆ. ಆ ನೀರು ಚರಂಡಿಗೆ ಹೋಗೋ ಮುಂಚೆ ಎಣ್ಣೆ ಬೇರೆ ಮಾಡೋ ತೊಟ್ಟಿ ಇರುತ್ತೆ. ನಮ್ಮ ಹಾರ್ವೆಸ್ಟರ್ ಕೆಸರು ಹೊತ್ತು ಬರುತ್ತೆ, ತೊಳೆದರೆ ಡೀಸೆಲ್, ಗ್ರೀಸ್ ಎಲ್ಲ ಕಾಲುವೆಗೆ ಹೋಗುತ್ತಿತ್ತು. ಮೂರು ಖಾನೆಯ ಚಿಕ್ಕ ತೊಟ್ಟಿ ಕಟ್ಟಿಸಿದೆವು. ಎಣ್ಣೆ ಮೇಲೆ ತೇಲುತ್ತೆ, ಕೆಳಗಿನ ನೀರು ಮಾತ್ರ ಮುಂದೆ ಹೋಗುತ್ತೆ. ತಿಂಗಳಿಗೊಮ್ಮೆ ಮೇಲಿನದನ್ನು ಡಬ್ಬಕ್ಕೆ ತೆಗೀತೀವಿ. ಮೊದಲ ಸಲ ಅರ್ಧ ಡಬ್ಬ ಸಿಕ್ಕಿತು. ಇಷ್ಟು ವರ್ಷ ಇದೆಲ್ಲ ಕೆಳಗಿನವರ ಗದ್ದೆಗೆ ಹೋಗಿದೆ ಅಂತ ನೆನೆದು ಹೊಟ್ಟೆ ಕಲಕಿತು. ನೆಲದ ಇಳಿಜಾರು ಮಾತ್ರ ಅಂಗಡಿಯವರ ಗಾರೆಯವರು ಸರಿಯಾಗಿ ಕೊಟ್ಟಿಲ್ಲ. ಬಲಗಡೆ ಹಿಂದಿನ ಮೂಲೆಯಲ್ಲಿ ಈಗಲೂ ನೀರು ನಿಲ್ಲುತ್ತೆ. ಕಬ್ಬಿಣದ ಕೆಲಸಕ್ಕೆ ಇವರನ್ನು ಕರೀರಿ, ನೆಲದ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ.

ಬಾಗಿಲು ಪೂರ್ವಕ್ಕೆ ಇಟ್ಟಿದ್ದೇವೆ. ಮಳೆಗಾಲದ ಗಾಳಿ ಪಶ್ಚಿಮದಿಂದ ಬರುತ್ತೆ ಅಲ್ವಾ. ಅಲ್ಲಿಯೂ ಗಾಳಿ ದಿಕ್ಕು ನೋಡಿಯೇ ಬಾಗಿಲು ಇಡುತ್ತಾರಂತೆ, ಇಲ್ಲದಿದ್ದರೆ ಹಿಮ ಬಾಗಿಲಿಗೇ ಗುಡ್ಡೆಯಾಗಿ ಒಳಗಿನ ಮಷಿನ್ ಹೊರಗೆ ಬರೋದೇ ಕಷ್ಟ. 20 ಅಡಿಗೆ ರೋಲಿಂಗ್ ಶಟರ್ ಹಾಕಿದರೆ ಗಾಳಿಗೆ ಬಡಿದುಕೊಳ್ಳುತ್ತೆ ಅಂತ ಮೇಸ್ತ್ರಿ ಅಣ್ಣ ಹೇಳಿದರು, ಅದಕ್ಕೆ ಮೇಲಿನ ಹಳಿಯಲ್ಲಿ ಜಾರುವ ಎರಡು ಬಾಗಿಲು. ನಮ್ಮ ಹತ್ತು ವರ್ಷದ ಮೊಮ್ಮಗಳು ಒಂದೇ ಕೈಯಲ್ಲಿ ತಳ್ಳುತ್ತಾಳೆ.

ಮೇ ತಿಂಗಳ ಗಾಳಿಮಳೆಗೆ ಶೆಡ್ ಪರೀಕ್ಷೆ ಆಯಿತು. ಬೇವಿನ ಮರದ ದೊಡ್ಡ ಕೊಂಬೆ ಮುರಿದು ಮೊದಲು ಹಾರ್ವೆಸ್ಟರ್ ನಿಲ್ಲುತ್ತಿದ್ದ ಜಾಗಕ್ಕೇ ಬಿತ್ತು. ಶೆಡ್‌ನ ಒಂದು ಶೀಟೂ ಅಲುಗಲಿಲ್ಲ. ಒಂದು ಸ್ಕ್ರೂ ಹತ್ತಿರ ಮಾತ್ರ ಹನಿ ಬಿತ್ತು. ಫೋನ್ ಮಾಡಿದ ಮೂರನೇ ದಿನಕ್ಕೆ ಬಂದು ವಾಷರ್ ಬದಲಿಸಿದರು, ದುಡ್ಡು ಕೇಳಲಿಲ್ಲ. ನವೆಂಬರ್ ಕಟಾವಿಗೆ ಮೈದುನ ಕೀ ತಿರುಗಿಸಿದ ಕೂಡಲೇ ಮಷಿನ್ ಶುರುವಾಯಿತು. ಬೆಲ್ಟ್ ಒಂದೂ ಬದಲಿಸಿಲ್ಲ. ಒಪ್ಪಿಕೊಂಡ ಹೊಲಕ್ಕೆಲ್ಲ ಹೇಳಿದ ದಿನವೇ ಹೋದೆವು.

ಬಾಗಿಲಲ್ಲಿ ಹಾರ್ವೆಸ್ಟರ್ ನಿಂತಿರೋ ಫೋಟೋ ಮಗಳಿಗೆ ಕಳಿಸಿದೆ. ಚೆನ್ನಾಗಿದೆ ಅಂತ ಬರೀತಾಳೆ ಅಂದುಕೊಂಡರೆ, "ಕಟರ್ ಬಾರ್‌ಗೂ ಕಂಬಕ್ಕೂ ಎಷ್ಟು ಉಳಿದಿದೆ ದೊಡ್ಡಮ್ಮ?" ಅಂತ ಬರೆದಳು. ಟೇಪ್ ಹಿಡಿದು ಅಳೆದು ಕಳಿಸಿದೆ. ಎಡಗಡೆ 2 ಅಡಿ 4 ಇಂಚು, ಬಲಗಡೆ 2 ಅಡಿ 2 ಇಂಚು.